ದಡ್ಡಿಯಲ್ಲಿ ಇನ್ನೊಬ್ಬಾಕೆ ಇದ್ದಳು

ನಾನು ಬಸ್ ಕಂಡಕ್ಟರ್. ಹದಿನಾಲ್ಕು ವರ್ಷವಾಯಿತು. ಗೋಕಾಕದಿಂದ ಮೂಡಲಗಿ, ಮೂಡಲಗಿಯಿಂದ ಗೋಕಾಕ, ವಾರಕ್ಕೆರಡು ದಿನ ಹುಕ್ಕೇರಿ. ಮನೆ ಕೊಣ್ಣೂರಿನಲ್ಲಿ. ನಮ್ಮನೆಯವರದು ಅಲ್ಲಿಯೇ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಸಣ್ಣ ಅಂಗಡಿ. ಕಬ್ಬಿಗೆ ನೀರು ಬಿಡುವ ದಿನಗಳಲ್ಲಿ ಒಂದರ ಹಿಂದೊಂದು ಮೋಟಾರು ಸುಡುತ್ತವೆ, ಆಗ ಅವರಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಅತ್ತೆ ನಮ್ಮ ಜೊತೆಗಿದ್ದಾರೆ. ಮಗಳು ಧಾರವಾಡದಲ್ಲಿ ಓದುತ್ತಾಳೆ.

ಕಂಡಕ್ಟರ್ ಕೆಲಸಕ್ಕೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಗಟ್ಟಿ ಕಾಲು, ಗಟ್ಟಿ ಗಂಟಲು ಎನ್ನುತ್ತಿದ್ದೆ. ಮುಖವೂ ಬೇಕು ಎಂಬುದು ಅರ್ಧ ಮುಖ ಹೋದ ಮೇಲೆ ತಿಳಿಯಿತು. ಬಾಗಿಲಲ್ಲಿ ಜೋತುಬಿದ್ದವನನ್ನು ಒಳಗೆ ಸರಿಸಲು ಒಂದು ಮುಖ ಬೇಕು, ಸೀಟಿಗಾಗಿ ಜಗಳಾಡುವ ಇಬ್ಬರನ್ನು ಸುಮ್ಮನಾಗಿಸಲು ಇನ್ನೊಂದು, ತಾಯಿಯ ಹೆಗಲ ಮೇಲಿಂದ ಹಿಂದಕ್ಕೆ ನೋಡುವ ಕೂಸಿಗೆ ಮತ್ತೊಂದು. ಇವೆಲ್ಲ ನನ್ನ ಹತ್ತಿರ ಇದ್ದವು. ಇದ್ದವೆಂದು ಗೊತ್ತಿರಲಿಲ್ಲ, ಅಷ್ಟೆ.

ಎಡಗಿವಿಯ ಕೆಳಗೆ ಗಂಟು ಕೈಗೆ ಸಿಕ್ಕಿದ್ದು ಒಂದು ಬೆಳಿಗ್ಗೆ, ಬೆಂಡೋಲೆಯ ತಿರುಪು ಹಾಕುವಾಗ. ಕಡಲೆಕಾಳಿನಷ್ಟಿತ್ತು. ನೋವಿಲ್ಲ, ಕೆಂಪಿಲ್ಲ. ಡ್ಯೂಟಿಗೆ ಹೊತ್ತಾಗುತ್ತಿತ್ತು, ತಿರುಪು ಬಿಗಿದು ಹೊರಟೆ. ಹೀಗೆ ದಿನಾ ಹೊರಡುತ್ತ ಒಂದೂವರೆ ವರ್ಷ ಕಳೆದೆ. ಗಂಟು ನೆಲ್ಲಿಕಾಯಿಯಷ್ಟಾಯಿತು. ಅತ್ತೆ ಮಂಗನಬಾವು ಇರಬೇಕೆಂದು ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಕೆನ್ನೆಯೊಳಗೆ ಆಗಾಗ ಇರುವೆ ಹರಿದಂತಾಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ತಡವಾದದ್ದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ನಾನೇ ತಡ ಮಾಡಿದೆ.

ಒಂದು ದಿನ ಮೂಡಲಗಿ ನಿಲ್ದಾಣದಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಿದ್ದೆ. ದವಡೆಯಲ್ಲಿ ದಬ್ಬಣ ಚುಚ್ಚಿದ ಹಾಗೆ ನೋವು ಹೊಡೆಯಿತು. ಮಸಗುಪ್ಪಿ ಎನ್ನುವುದನ್ನು "ಮಸಗು..." ಎಂದು ಅರ್ಧಕ್ಕೇ ನಿಲ್ಲಿಸಿ ಕೆನ್ನೆ ಹಿಡಿದು ಕೂತುಬಿಟ್ಟೆ. ನಮ್ಮ ಗಾಡಿಯ ಡ್ರೈವರ್ ಕನ್ನಡಿಯಲ್ಲಿ ನೋಡಿ ಇಳಿದು ಬಂದರು. ಎಂಟು ವರ್ಷದಿಂದ ಒಂದೇ ಗಾಡಿಯಲ್ಲಿ ದುಡಿಯುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ.

"ಏನಾತ್ರಿ ಅಕ್ಕಾರ?"

"ಏನಿಲ್ರಿ ಅಣ್ಣಾ. ಹಲ್ಲ ನೋವು."

"ಹಲ್ಲ ಕಿವಿ ಕೆಳಗ ಇರ್ತಾವೇನ್ರಿ? ನಾಳಿ ರಜಾ ಹಾಕ್ರಿ, ದವಾಖಾನಿಗಿ ಹೋಗ್ರಿ. ನೀವ ಹಾಕಲಿಲ್ಲಂದ್ರ ನಿಮ್ಮ ರಜಾ ಅರ್ಜಿ ನಾನ ಬರದ ಕೊಡ್ತೇನಿ."

ಮರುದಿನ ಗೋಕಾಕದ ಡಾಕ್ಟರು ಗಂಟನ್ನು ಮುಟ್ಟಿ ನೋಡಿ ಬೆಳಗಾವಿಗೆ ಕಳಿಸಿದರು. ಅಲ್ಲಿ ಸೂಜಿ ಹಾಕಿ ತೆಗೆದು ನೋಡಿದರು, ಆಮೇಲೆ ಸ್ಕ್ಯಾನ್, ಆಮೇಲೆ ಇನ್ನೊಂದು ಪರೀಕ್ಷೆ. ಎರಡು ವಾರವಾದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಹೇಳಿದರು. ಬಾಯಿಗೆ ನೀರು ತರುವ ಗ್ರಂಥಿ ಇರುತ್ತದಲ್ಲ, ಅದರಲ್ಲಿ ಕ್ಯಾನ್ಸರ್. ಹೆಸರು ಮೂರು ಪದದ್ದು. ನಾನು ಎರಡು ಸಲ ಕೇಳಿದರೂ ನಾಲಿಗೆಗೆ ಹತ್ತಲಿಲ್ಲ. ಒಂದು ಚೀಟಿಯ ಮೇಲೆ ಬರೆದುಕೊಟ್ಟರು.

"ಇದು ಭಾಳ ಅಪರೂಪದ್ದರಿ. ಇಷ್ಟು ವರ್ಷದ ನನ್ನ ಕೆಲಸದಾಗ ಕೈಬೆರಳ ಮ್ಯಾಲ ಎಣಸೂವಷ್ಟ ಮಂದಿಗೆ ನೋಡೇನಿ. ಸಾವಕಾಶ ಬೆಳೀತದ. ಆದ್ರ ನರ ಹಿಡಕೊಂಡ ಹರೀತದ. ಆಪರೇಷನ್ ಮಾಡೂಣ. ಮಾರಿ ನರ, ಅಂದ್ರ ಮುಖ ಆಡಸೂ ನರ, ಉಳಸಾಕ ನೋಡ್ತೇವಿ. ಗಡ್ಡಿ ನರಕ್ಕ ಹತ್ತಿದ್ರ ಮಾತ್ರ ಅದನ್ನೂ ತಗೀಬೇಕಾಗ್ತದ."

ಅಲ್ಲಿಯವರೆಗೆ ಅಪರೂಪ ಎಂಬ ಮಾತನ್ನು ನಾನು ಒಳ್ಳೆಯದಕ್ಕೇ ಕೇಳಿದ್ದೆ. ಅಪರೂಪಕ್ಕೆ ಬಂದ ಬೀಗರು, ಅಪರೂಪಕ್ಕೆ ಹುಟ್ಟಿದ ಮಗು. ಜಡ್ಡಿಗೂ ಆ ಮಾತು ಹೇಳುತ್ತಾರೆಂದು ಅಂದು ಗೊತ್ತಾಯಿತು.

ಸುದ್ದಿ ತಿಳಿದು ಮನೆಗೆ ಬಂದವರೆಲ್ಲ ಒಳ್ಳೆಯವರೇ. ಎಲ್ಲರಿಗೂ ನನಗೊಂದು ಕಥೆ ಹೇಳಿ ಧೈರ್ಯ ತುಂಬುವ ಆಸೆ. ಒಬ್ಬರ ಚಿಕ್ಕಮ್ಮನಿಗೆ ಎದೆಯ ಕ್ಯಾನ್ಸರ್ ಆಗಿ ವಾಸಿಯಾಗಿತ್ತು, ಇನ್ನೊಬ್ಬರ ಭಾವನಿಗೆ ಗಂಟಲಲ್ಲಿ ಆಗಿತ್ತು. ನನ್ನದಕ್ಕೆ ಸರಿಹೊಂದುವ ಕಥೆ ಯಾರ ಹತ್ತಿರವೂ ಇರಲಿಲ್ಲ. ಬಾಯಿ, ದವಡೆ ಎಂದ ಕೂಡಲೇ ಕೆಲವರು ದನಿ ತಗ್ಗಿಸಿ ಅತ್ತೆಯನ್ನು ಕೇಳುತ್ತಿದ್ದರು: "ತಂಬಾಕ ತಿಂತಿದ್ಲೇನ?" ಎಲೆ ಅಡಿಕೆಯನ್ನೂ ಹಬ್ಬಕ್ಕೆ ಮಾತ್ರ ಹಾಕುವ ನನಗೆ ಆ ಪ್ರಶ್ನೆ ಕೇಳಿಸಿದಾಗ ಒಳಗೊಳಗೇ ಉರಿಯುತ್ತಿತ್ತು. ಎಲ್ಲರಿಗೂ ಚೀಟಿ ತೋರಿಸುತ್ತಿದ್ದೆ. ಓದಲು ಬಂದವರು ಓದಿ, ತಲೆಯಾಡಿಸಿ, ಮಡಚಿ ವಾಪಸು ಕೊಡುತ್ತಿದ್ದರು. ಈ ಹೆಸರಿನ ಜಡ್ಡು ಜಗತ್ತಿನಲ್ಲಿ ನನಗೊಬ್ಬಳಿಗೇ ಬಂದಿದೆ ಎನ್ನಿಸತೊಡಗಿತು.

ಆಪರೇಷನ್ ಆಯಿತು. ಎಚ್ಚರವಾದಾಗ ನಮ್ಮನೆಯವರು ಮಂಚದ ಪಕ್ಕ ನಿಂತಿದ್ದರು. "ಎಲ್ಲಾ ತಗದಾರಂತ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಎಲ್ಲಾ ಎಂದರೆ ಏನೇನು ಎಂದು ಕೇಳುವ ಅಗತ್ಯವಿರಲಿಲ್ಲ. ನೀರು ಕುಡಿಸಿದಾಗ ಎಡಗಡೆಯಿಂದ ಅಷ್ಟೂ ನೀರು ಕುತ್ತಿಗೆಗೆ ಇಳಿಯಿತು. ನರವನ್ನೂ ತೆಗೆದಿದ್ದರು. ನಾಲ್ಕನೆಯ ದಿನ ಕನ್ನಡಿ ಕೇಳಿದೆ. ಎಡಹುಬ್ಬು ಜಾರಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ತುಟಿ ಬಲಕ್ಕೆ ಎಳೆದುಕೊಂಡಿತ್ತು. ನಗಲು ನೋಡಿದೆ. ಬಲಗಡೆ ನಕ್ಕಿತು, ಎಡಗಡೆ ಸುಮ್ಮನಿತ್ತು. ಕನ್ನಡಿಯನ್ನು ಬೋರಲು ಹಾಕಿದೆ.

ಆಮೇಲೆ ಆರು ವಾರ ಬೆಳಗಾವಿಯಲ್ಲೇ ಉಳಿದು ಕರೆಂಟು ಕೊಡಿಸಿಕೊಂಡೆ. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬಾಯಿ ಒಣಗಿ ಹೋಯಿತು, ರುಚಿ ಹೋಯಿತು, ಸೀರೆ ಉಡುವಷ್ಟರಲ್ಲಿ ದಣಿವಾಗುತ್ತಿತ್ತು. ಮನೆಗೆ ಬಂದಾಗ ನನ್ನ ಕೈಯಲ್ಲಿ ಒಂದು ನೀರಿನ ಬಾಟಲಿ ಇತ್ತು. ಇಂದಿಗೂ ಅದು ಕೈ ಬಿಟ್ಟಿಲ್ಲ. ನಾಲ್ಕು ಮಾತಾಡಿದರೆ ಒಂದು ಗುಟುಕು ಬೇಕೇ ಬೇಕು.

ಮನೆಯಲ್ಲಿ ನಾನು ಒಬ್ಬಳೇ ಉಣ್ಣತೊಡಗಿದೆ. ಅನ್ನ ತುಟಿಯ ಸಂದಿಯಿಂದ ಹೊರಗೆ ಬರುತ್ತಿತ್ತು, ನನಗೆ ತಿಳಿಯುತ್ತಿರಲಿಲ್ಲ. ಎದುರಿಗೆ ಕೂತವರ ಕಣ್ಣಿನಿಂದಲೇ ತಿಳಿಯಬೇಕು. ಹಾಗಾಗಿ ಎಲ್ಲರದೂ ಆದ ಮೇಲೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದೆ. ಒಂದು ವಾರ ಅತ್ತೆ ನೋಡಿದರು. ಎಂಟನೆಯ ದಿನ ತಮ್ಮ ತಾಟು ತಂದು ನನ್ನ ಪಕ್ಕದಲ್ಲಿ, ಗೋಡೆಗೇ ಮುಖ ಮಾಡಿ ಕುಳಿತರು.

"ಇದೇನ್ರಿ ಅತ್ತಿ?" ಎಂದೆ.

"ದಿನಾ ನೀ ಇದನ್ನ ನೋಡಕೋತ ಉಣ್ಣತಿ. ಈ ಗ್ವಾಡ್ಯಾಗ ಏನ ಐತಿ ಅಂತ ನಾನೂ ನೋಡಬೇಕಲ್ಲ," ಎಂದು ರೊಟ್ಟಿ ಮುರಿದರು.

ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ನಮ್ಮನೆಯವರು ಬಂದರು. ಬಾಗಿಲಲ್ಲಿ ನಿಂತು ಇಬ್ಬರ ಬೆನ್ನು ನೋಡಿದರು. ಕೈ ತೊಳೆದು, ತಾಟು ಹಾಕಿಕೊಂಡು, ಅವರೂ ಗೋಡೆಗೆ ಮುಖ ಮಾಡಿ ಕುಳಿತರು. ಮೂವರೂ ಸಾಲಾಗಿ ಕೂತು ಒಂದು ಸುಣ್ಣದ ಗೋಡೆ ನೋಡುತ್ತ ಉಂಡೆವು. ನನಗೆ ಮೊದಲು ನಗು ಬಂತು, ಆಮೇಲೆ ಅಳು. ಮರುದಿನದಿಂದ ಪಡಸಾಲೆಯಲ್ಲಿ ಎಲ್ಲರ ಜೊತೆ ಕೂತೆ. ತುಟಿಯ ಮೇಲೆ ಏನಾದರೂ ಉಳಿದರೆ ಅತ್ತೆ ತಮ್ಮ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಅದು ನನಗೊಬ್ಬಳಿಗೆ ಗೊತ್ತಾಗುವ ಸನ್ನೆ.

ನಮ್ಮ ಡ್ರೈವರ್ ಅಣ್ಣ ವಾರಕ್ಕೊಮ್ಮೆ ಡ್ಯೂಟಿ ಮುಗಿಸಿ ಬರುತ್ತಿದ್ದರು. ಬರಿಗೈಯಲ್ಲಿ ಎಂದೂ ಬರಲಿಲ್ಲ. ಮಸಗುಪ್ಪಿಯಿಂದ ದಿನಾ ಮೂಡಲಗಿಗೆ ಕಾಯಿಪಲ್ಲೆ ಮಾರಲು ಹೋಗುವ ಹೆಣ್ಣುಮಕ್ಕಳ ಗುಂಪೊಂದಿದೆ. ಅವರು ಕೊಟ್ಟು ಕಳಿಸಿದ ಬದನೆಕಾಯಿ, ಮೆಂತ್ಯದ ಸೂಡು, ಬಾಟಲಿಯಲ್ಲಿ ಮೊಸರು. ಹೆಚ್ಚಿನವರ ಹೆಸರೂ ನನಗೆ ಗೊತ್ತಿರಲಿಲ್ಲ. ಬುಟ್ಟಿ ಅಡ್ಡ ಇಟ್ಟಿದ್ದಕ್ಕೆ ನನ್ನಿಂದ ಬೈಸಿಕೊಂಡವರೇ ಜಾಸ್ತಿ. ಡಿಪೋದ ಗೆಳತಿಯರು ಒಂದು ದೊಡ್ಡ ಡಬ್ಬಿ ಕರದಂಟು ತಂದರು. ಗೋಕಾಕದವರಿಗೆ ಪ್ರೀತಿ ತೋರಿಸಲು ಬೇರೆ ದಾರಿ ಗೊತ್ತಿಲ್ಲ. ಬಾಯಲ್ಲಿ ಹನಿ ನೀರಿಲ್ಲದ ನಾನು ಆ ಅಂಟನ್ನು ಹೇಗೆ ತಿನ್ನಲಿ? ಒಂದು ತುಣುಕು ಇಟ್ಟುಕೊಂಡರೆ ಎರಡು ದವಡೆಯೂ ಕೂಡಿಹೋದವು. ಅತ್ತೆ ಡಬ್ಬಿಯಷ್ಟನ್ನೂ ಹಾಲಲ್ಲಿ ಕುದಿಸಿ ಪಾಯಸ ಮಾಡಿದರು. ಕುಡಿದೆ. ರುಚಿ ಗೊತ್ತಾಗಲಿಲ್ಲ. ಆದರೆ ಬೆಚ್ಚಗಿತ್ತು.

ಕೆಲಸಕ್ಕೆ ವಾಪಸು ಹೋದಾಗ ಮೊದಲು ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಮೂರು ತಿಂಗಳು ಕಾಗದಗಳ ನಡುವೆ ಕುಳಿತೆ. ಕಿಟಕಿಯಿಂದ ಬಸ್ಸು ಹೋಗುವುದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಡ್ರೈವರ್ ಅಣ್ಣ ಕಿಟಕಿಯಲ್ಲಿ ನಿಂತು, "ಹೊಸಾ ಕಂಡಕ್ಟರಗ ಮಸಗುಪ್ಪಿ ಹೆಣ್ಣಮಕ್ಕಳ ಅಂಜಸಾಕತ್ತಾರ್ರಿ. ಬರ್ರಿ ಇನ್ನ, ಸಾಕು," ಎಂದರು. ಅರ್ಜಿ ಬರೆದೆ. ಹಳೆಯ ರೂಟು ಸಿಕ್ಕಿತು.

ಮೊದಲ ದಿನ ಗೋಕಾಕ ನಿಲ್ದಾಣದಲ್ಲಿ ಜನ ಹತ್ತಿದರು. ಗಾಡಿ ಬಿಡಲು ಸೀಟಿ ಬಾಯಿಗಿಟ್ಟು ಊದಿದೆ. ಹುಸ್ಸೆಂದು ಎಡಗಡೆಯಿಂದ ಗಾಳಿ ಹೋಯಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಊದಿದೆ. ಉಗುಳು ಕೂಡ ಇಲ್ಲದ ಬಾಯಿ; ತುಟಿ ಮುಚ್ಚಲೇ ಇಲ್ಲ. "ರೈಟ್" ಎಂದು ಕೂಗಲು ಒಂದು ಗುಟುಕು ನೀರಿಗೆ ಬಾಟಲಿ ಹುಡುಕಿದೆ. ಬಸ್ಸು ತುಂಬ ಜನ. ಅಣ್ಣ ಕನ್ನಡಿಯಲ್ಲಿ ನೋಡುತ್ತ ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದರು. ಆಗ ಹಿಂದಿನ ಸೀಟಿನಿಂದ ಒಬ್ಬ ಹೆಣ್ಣುಮಗಳು ಕೂಗಿದಳು: "ರೈಟ್ ರೀ ಡ್ರೈವರ್ ಸಾಹೇಬ್ರ!"

ಮುಂದಿನ ನಿಲ್ದಾಣದಲ್ಲಿ ಇಬ್ಬರು ಕೂಗಿದರು. ವಾರ ಕಳೆಯುವುದರೊಳಗೆ ಪೈಪೋಟಿಯೇ ಶುರುವಾಯಿತು. ನಾನು ಬಾಗಿಲು ಹಾಕುವುದೇ ತಡ, ನಾಲ್ಕು ಕಡೆಯಿಂದ "ರೈಟ್!" ಸಂತೋಷವೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಆದರೆ ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಂದು ದಿನ ತಾಯಿಯ ಹೆಗಲ ಮೇಲಿದ್ದ ಕೂಸಿಗೆ ಅಭ್ಯಾಸಬಲದಿಂದ ನಕ್ಕೆ. ಅದು ನನ್ನನ್ನೇ ನೋಡುತ್ತ ತುಟಿ ಮುರಿದು ಚಿಟ್ಟನೆ ಚೀರಿತು. ತಾಯಿ ಪಾಪ ಅದರ ಮುಖವನ್ನು ತನ್ನ ಎದೆಗೆ ತಿರುಗಿಸಿಕೊಂಡಳು. ದೊಡ್ಡವರು ಅಂದದ್ದನ್ನೆಲ್ಲ ತಡೆದುಕೊಂಡಿದ್ದೆ. ಅದನ್ನು ತಡೆಯಲಾಗಲಿಲ್ಲ. ಮರುದಿನದಿಂದ ಮಾಸ್ಕ್ ಹಾಕತೊಡಗಿದೆ. ಬೇಸಿಗೆಯ ಝಳದಲ್ಲಿ, ಆ ಗದ್ದಲದಲ್ಲಿ, ಕಣ್ಣಷ್ಟೇ ಬಿಟ್ಟು. ಎರಡು ತಿಂಗಳು ತೆಗೆಯಲಿಲ್ಲ.

ಹುಕ್ಕೇರಿ ರೂಟಿನಲ್ಲಿ ಒಂದು ಮುಂಜಾನೆ ನೀರು ಕುಡಿಯಲೆಂದು ಮಾಸ್ಕ್ ಕೆಳಗೆ ಸರಿಸಿದೆ. ಕಿಟಕಿ ಪಕ್ಕ ಕೂತ ಬಳೆಗಾರ್ತಿಯೊಬ್ಬಳು ನೋಡುತ್ತಿದ್ದಳು. ಮಡಿಲಲ್ಲಿ ಬಳೆಯ ಗಂಟು.

"ಲಕ್ವಾ ಹೊಡದೈತೇನ್ರಿ ಅಕ್ಕಾರ?"

"ಇಲ್ಲ. ಆಪರೇಷನ್ ಆಗೈತಿ," ಎಂದು ಮಾಸ್ಕ್ ಏರಿಸಿದೆ.

"ಕಿವಿ ಕೆಳಗ ಕೊಯ್ದಾರೇನ್ರಿ?" ಎಂದಳು. ನಾನು ನಿಂತೆ. "ನಮ್ಮೂರು ದಡ್ಡ್ಯಾಗ, ನಮ್ಮ ಮನಿ ಬಾಜೂಕ ಒಬ್ಬಾಕಿ ಆಯಿ ಅದಾಳ್ರಿ. ಆಕಿದೂ ಖರೆ ಹಿಂಗ ಮಾರಿ. ಯಾವ ಜಡ್ಡು ಅಂತ ನನಗ ಗೊತ್ತಿಲ್ರಿ. ಆದ್ರ ಆಕಿನೂ ಯಾವಾಗ ನೋಡಿದ್ರೂ ಕೈಯಾಗ ನೀರಿನ ಬಾಟ್ಲಿ ಹಿಡಕೊಂಡ ತಿರಗತಾಳ."

ಮುಖ ವಾರೆಯಾಗಲು ನೂರು ಕಾರಣ ಇರಬಹುದು. ಆದರೆ ಮುಖ ವಾರೆ, ಕಿವಿಯ ಕೆಳಗೆ ಗಾಯ, ಕೈಯಲ್ಲಿ ಬಾಟಲಿ, ಮೂರೂ ಕೂಡಿದ್ದನ್ನು ನಾನು ನನ್ನಲ್ಲಿ ಮಾತ್ರ ಕಂಡಿದ್ದೆ. ಅವಳ ನಂಬರು ತೆಗೆದುಕೊಂಡೆ. ಎರಡು ದಿನಕ್ಕೆ ಫೋನು ಮಾಡಿದಳು. ಆಯಿಯನ್ನು ಕೇಳಿದ್ದಳಂತೆ, "ಬರಾಕ ಹೇಳು" ಎಂದಿದ್ದಳಂತೆ ಆಯಿ.

ಹೋಗುವುದೋ ಬಿಡುವುದೋ ಎಂದು ಮತ್ತೊಂದು ವಾರ ಕಳೆದೆ. ಅದೇ ಜಡ್ಡು ಅಲ್ಲದಿದ್ದರೆ ಬೇಸರ. ಅದೇ ಆಗಿದ್ದು, ಅವಳ ಸ್ಥಿತಿ ಕೆಟ್ಟಿದ್ದರೆ ಅದನ್ನು ನೋಡುವ ಧೈರ್ಯ ಬೇಕು. ನಮ್ಮನೆಯವರು ಬೈಕಿನ ಗಾಲಿಗೆ ಗಾಳಿ ಹೊಡೆಸಿಕೊಂಡು ಬಂದು, "ಹೋಗಿ ಬರೂಣ ನಡಿ. ಏನೂ ಇಲ್ಲಂದ್ರ ಹೊಳಿ ನೋಡಿ ಬಂದ್ರಾತು," ಎಂದರು.

ವಾರದ ರಜೆಯ ದಿನ ಹುಕ್ಕೇರಿ ದಾಟಿ ದಡ್ಡಿಗೆ ಹೋದೆವು. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಆಗಷ್ಟೇ ಏರಿಸಿದ ಸೇವಂತಿಗೆ. ಅಂಗಳದಲ್ಲಿ ಮೂರು ಆಡು. ಅರವತ್ತು ದಾಟಿದ ಹೆಂಗಸು, ಎತ್ತರದ ಆಳು, ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಬಲಗಡೆಯ ಹುಬ್ಬು ಜಾರಿತ್ತು. ತುಟಿ ಎಡಕ್ಕೆ ಎಳೆದುಕೊಂಡಿತ್ತು. ಬಲಗಿವಿಯ ಕೆಳಗೆ ನನ್ನ ಗಾಯದಂಥದೇ ಗೆರೆ, ಆದರೆ ಹಳೆಯದು, ಚರ್ಮದೊಳಗೆ ಕರಗಿ ಹೋದದ್ದು.

ನಾನು ಪರ್ಸಿನಿಂದ ಚೀಟಿ ತೆಗೆದೆ. ಆಯಿ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೈಲು ತರಿಸಿದಳು. ಅವಳ ಸೊಸೆ ಸಾಲಿಯಲ್ಲಿ ಟೀಚರು. ಆಕೆ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟಳು. ನಾನು ಚೀಟಿಯನ್ನು ಅದರ ಪಕ್ಕಕ್ಕೆ ಹಿಡಿದೆ. ಅಕ್ಷರ ಅಕ್ಷರ ಕೂಡಿಸಿ ನೋಡಿದೆ. ಮೊದಲ ಪದ. ಎರಡನೆಯದು. ಮೂರನೆಯದು. ಅದೇ.

ನನ್ನ ಎಡಗಣ್ಣು ಮುಚ್ಚದೆ ಯಾವಾಗಲೂ ನೀರು ಸುರಿಸುತ್ತಿತ್ತು. ಅಂದು ಬಲಗಣ್ಣೂ ಸೇರಿತು.

"ಹನ್ನೊಂದ ವರ್ಸ ಆತ ತಂಗಿ," ಎಂದಳು ಆಯಿ. "ಹನ್ನೊಂದ ವರ್ಸದಾಗ ಈ ಜಡ್ಡಿನ ಹೆಸರ ದವಾಖಾನಿ ಹೊರಗ ಒಬ್ಬರ ಬಾಯಾಗೂ ಕೇಳಿದ್ದಿಲ್ಲ. ನಾ ಒಬ್ಬಾಕೀನ ಅಂತ ತಿಳದಿದ್ದೆ. ಅಳಬ್ಯಾಡ. ಮೊದಲ ಆ ಬಾಯಿಗಿ ಕಟಗೊಂಡದ್ದ ತಗಿ, ನಿನ್ನ ಮಾತ ಒಂದೂ ಕೇಳವಲ್ಲದು."

ಮಾಸ್ಕ್ ತೆಗೆದೆ. ಅವಳು ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಆಡು ನೋಡುವವರ ಹಾಗೆ ನೋಡಿದಳು.

"ನಿಂದು ಎಡಕ, ನಂದು ಬಲಕ. ಇಬ್ಬರದೂ ಕೂಡಿಸಿದ್ರ ಒಂದ ಚಲೋ ಮಾರಿ ಆಕ್ಕೈತಿ ನೋಡ," ಎಂದು ನಕ್ಕಳು. ಅರ್ಧ ಮುಖದಲ್ಲಿ ಅಷ್ಟು ಪೂರ್ತಿ ನಗಬಹುದು ಎಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಊಟಕ್ಕೆ ಜೋಳದ ನುಚ್ಚು, ಮಜ್ಜಿಗೆ. ನನಗಾಗಿ ಮಾಡಿದ್ದಲ್ಲ, ಅವಳ ದಿನದ ಊಟವೇ ಅದು. ಅವಳು ಉಣ್ಣುವುದನ್ನು ನಾನು ಕಣ್ಣು ಬಿಟ್ಟು ನೋಡಿದೆ. ತಲೆಯನ್ನು ಒಳ್ಳೆಯ ಕಡೆಗೆ ಸ್ವಲ್ಪ ವಾಲಿಸಿ, ಜೋಲುವ ತುಟಿಯ ಕೆಳಗೆ ಹೆಬ್ಬೆರಳು ಕೊಟ್ಟು, ಸಣ್ಣ ತುತ್ತು. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ತುಟಿಯ ಮೂಲೆಗೆ ಬೆರಳೊತ್ತಿ ಕುಡಿದಳು. ಒಂದು ಹನಿ ಹೊರಗೆ ಬರಲಿಲ್ಲ. ಹನ್ನೊಂದು ವರ್ಷ ತಾನೇ ತನಗೆ ಕಲಿಸಿಕೊಂಡದ್ದನ್ನು ಒಂದು ಮಧ್ಯಾಹ್ನದಲ್ಲಿ ನನಗೆ ಕಲಿಸಿದಳು. ಮಲಗುವಾಗ ಕಣ್ಣಿಗೆ ಪಟ್ಟಿ ಹಚ್ಚುವ ಬಗೆ, ಹೊರಗೆ ಹೋಗುವಾಗ ದೊಡ್ಡ ಗಾಜಿನ ಕನ್ನಡಕ, ಬಾಯಿಗೆ ಏನು ಉರಿಯುತ್ತದೆ ಏನು ಉರಿಯುವುದಿಲ್ಲ. ಡಾಕ್ಟರು ಇವನ್ನು ಹೇಳಿರಲಿಲ್ಲ ಎಂದಲ್ಲ. ಆದರೆ ಹೇಳುವವರ ಬಾಯಿ ನೆಟ್ಟಗಿತ್ತು.

ನಾನು ಕಂಡಕ್ಟರ್ ಎಂದೂ, ಸೀಟಿ ಊದಲು ಬರುವುದಿಲ್ಲ ಎಂದೂ ಹೇಳಿದೆ. ಆಯಿ ಎದ್ದು ಹೊಸ್ತಿಲಿಗೆ ಹೋದಳು. ಆಡುಗಳು ಅಷ್ಟರಲ್ಲಿ ಹೊಳೆಯ ದಂಡೆಗೆ ಇಳಿದಿದ್ದವು. ಬಲತುಟಿಯ ಮೂಲೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಶಿಳ್ಳೆ ಹೊಡೆದಳು. ಎಂಥ ಶಿಳ್ಳೆ! ಮೂರೂ ಆಡು ತಲೆಯೆತ್ತಿದವು, ನಮ್ಮನೆಯವರು ಚಹಾ ಚೆಲ್ಲಿಕೊಂಡರು.

"ಸೋರೂ ಕಡೆ ಹಿಂಗ ಹಿಡಿ. ಮತ್ತ ಊದು."

ಅಂಗಳದಲ್ಲಿ ನಿಂತು ನನ್ನ ಸೀಟಿ ಊದಿದೆ. ನಾಲ್ಕನೆಯ ಸಲಕ್ಕೆ ಬಂತು. ಓಣಿಯವರು ಬಸ್ಸು ಬಂತೇನೋ ಎಂದು ಹೊರಗೆ ಬಂದರು.

ಹೊರಡುವ ಮೊದಲು, ಕೇಳಬಾರದೆಂದುಕೊಂಡರೂ ಕೇಳಿದೆ. "ಆಯಿ, ಮತ್ತ ಬಂದೈತೇನ್ರಿ?"

ಆಯಿ ಸುತ್ತಿಬಳಸಲಿಲ್ಲ. "ನಾಕ ವರ್ಸದ ಹಿಂದ ಎದ್ಯಾಗ ಎರಡ ಕಾಳ ಕಂಡಾವಂತ. ಪುಪ್ಪುಸದಾಗ. ಡಾಕ್ಟರ ಹೇಳಿದ್ರ, ಬೆಳದ್ರ ನೋಡೂಣು, ಇಲ್ಲಂದ್ರ ಹಂಗ ಬಿಡೂಣು ಅಂತ. ಅವು ಅಲ್ಲೇ ಅದಾವ. ನಾ ಇಲ್ಲೇ ಅದೀನಿ. ನಿನ್ನಿ ಸುದ್ದಾ ಕಸಾ ತಗ್ಯಾಕ ಹೋಗಿದ್ದೆ."

ಅವಳು ಕಬ್ಬಿನಲ್ಲಿ ಕಳೆ ತೆಗೆಯುವ ಕೂಲಿ ಕೆಲಸಕ್ಕೆ ಮೂವತ್ತು ವರ್ಷದಿಂದ ಹೋಗುತ್ತಿದ್ದಳು. ಕಣ್ಣಿಗೆ ಧೂಳು ಬೀಳುವುದಿಲ್ಲವೇ ಎಂದದ್ದಕ್ಕೆ, "ನಮ್ಮ ಗುಂಪಿನ ಹೆಣ್ಣಮಕ್ಕಳ ಯಾರೂ ಹೇಳದಿದ್ರೂ ಧೂಳಿ ಬರಲಾರದ ಕಡೆ ಸಾಲು ನನಗ ಬಿಡ್ತಾರ. ಇಷ್ಟ ವರ್ಸ ಆತು, ಒಂದಿನಾನೂ ಬಾಯಿ ಬಿಟ್ಟ ಕೇಳೂ ಪಾಳಿ ತಂದಿಲ್ಲ," ಎಂದಳು. ಬೈಕಿನ ಹಿಂದೆ ಕೂತು ಬರುವಾಗ ನನಗೆ ಮಸಗುಪ್ಪಿಯವರ ಬುಟ್ಟಿಗಳು, ಹಿಂದಿನ ಸೀಟಿನ ಆ ಮೊದಲ ಕೂಗು ನೆನಪಾದವು. ಕೊಟ್ಟದ್ದೆಲ್ಲ ಕನಿಕರ ಎಂದು ತಿಳಿದು ಮುದುಡಿಕೊಂಡಿದ್ದೆ. ಆಯಿ ಅದನ್ನು ಮುಖವೆತ್ತಿ ತೆಗೆದುಕೊಂಡಿದ್ದಳು. ಆ ದಿನದಿಂದ ನಾನೂ ಹಾಗೆಯೇ ತೆಗೆದುಕೊಳ್ಳಲು ಕಲಿತೆ.

ಮರುದಿನ ಮಾಸ್ಕ್ ಹಾಕಲಿಲ್ಲ. ಗೋಕಾಕ ನಿಲ್ದಾಣದಲ್ಲಿ ಜನ "ರೈಟ್" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ತುಟಿ ಚಿವುಟಿ ಹಿಡಿದು ಸೀಟಿ ಊದಿದೆ. ಬಸ್ಸೆಲ್ಲ ತಿರುಗಿ ನೋಡಿತು. ಅಣ್ಣ ಗಾಡಿ ಬಿಡುವುದನ್ನೇ ಮರೆತರು. ಕೆಲವರಿಗೆ ತಮ್ಮ ಕೆಲಸ ಹೋಯಿತೆಂದು ಬೇಸರವಾದದ್ದೂ ಕಂಡಿತು. ಹಾಗಾಗಿ ಮೂಡಲಗಿಯಿಂದ ವಾಪಸು ಬರುವ ಟ್ರಿಪ್ಪಿನಲ್ಲಿ ಅವರಿಗೇ ಬಿಟ್ಟೆ.

ಆಯಿಯೂ ನಾನೂ ಫೋನಿನಲ್ಲಿ ಮಾತಾಡುತ್ತ ಬಂದೆವು. ಹೆಚ್ಚೇನಿಲ್ಲ. ಇವತ್ತು ಏನು ಉಂಡೆ, ಕಣ್ಣು ಉರಿಯಿತೇ, ಆಡು ಮರಿ ಹಾಕಿತೇ. ಜಡ್ಡಿನ ಬಗ್ಗೆ ಮಾತಾಡದೇ ಇರಲು ಅದೇ ಜಡ್ಡು ಇದ್ದವರೇ ಬೇಕು.

ಆಪರೇಷನ್ ಆಗಿ ಮೂರನೆಯ ವರ್ಷದ ಸ್ಕ್ಯಾನಿನಲ್ಲಿ ನನ್ನ ಪುಪ್ಪುಸದಲ್ಲೂ ಒಂದು ಚುಕ್ಕೆ ಕಂಡಿತು. ತೀರ ಸಣ್ಣದು. ಡಾಕ್ಟರು ನಿಧಾನವಾಗಿ ಹೇಳಿದರು: ಅದು ಏನೂ ಅಲ್ಲದಿರಬಹುದು, ಅದೇ ಜಡ್ಡೂ ಇರಬಹುದು, ಈಗ ಏನೂ ಮಾಡುವುದು ಬೇಡ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ. ಬೆಳಗಾವಿಯಿಂದ ಬರುವ ಬಸ್ಸಿನಲ್ಲಿ ನಮ್ಮನೆಯವರು ನನ್ನ ಕೈ ಹಿಡಿದೇ ಇದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಬಸ್ಸಿನಲ್ಲಿ ಎಂದೂ ಹಿಡಿದವರಲ್ಲ. ಮನೆಗೆ ಬಂದು ಆಯಿಗೆ ಫೋನು ಮಾಡಿದೆ.

"ಎಷ್ಟ ಅದಾವ?" ಎಂದಳು.

"ಒಂದು."

"ಒಂದ? ನನ್ನಾವು ಎರಡ ಅದಾವ. ಇನ್ನೂ ಸಣ್ಣಾಕಿ ಅದಿ ನೀ."

ನನಗೆ ನಗು ಬಂದುಬಿಟ್ಟಿತು. ಅಂಥ ದಿನ ನಗು ಬಂತು ಎಂಬುದನ್ನು ಇವತ್ತಿಗೂ ನಂಬಲಾಗುವುದಿಲ್ಲ. ಆಮೇಲೆ ಆಯಿ, "ಅಂಜಿಕಿ ಬರತೈತಿ ತಂಗಿ. ಬರಲಿ. ಬ್ಯಾಡ ಅಂದ್ರ ಹೋಗೂದಿಲ್ಲ ಅದು. ನಾ ನಾಳಿ ಬರ್ತೇನಿ," ಎಂದಳು.

ಖರೆ ಬಂದಳು. ದಡ್ಡಿಯಿಂದ ಹುಕ್ಕೇರಿಗೆ ಒಂದು ಬಸ್ಸು, ಹುಕ್ಕೇರಿಯಿಂದ ಕೊಣ್ಣೂರಿಗೆ ಇನ್ನೊಂದು. ಸೊಸೆ ಬೇಡವೆಂದರೂ ಒಬ್ಬಳೇ. ಸೆರಗಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ನಾನು ಏನೋ ದೊಡ್ಡ ಮಾತು ಹೇಳುತ್ತಾಳೆಂದು ಕಾದೆ. ಅವಳು ಪಡಸಾಲೆಯಲ್ಲಿ ಅತ್ತೆಯ ಎದುರಿಗೆ ಕೂತಳು. ಶೇಂಗಾ ಸುಲಿಯುತ್ತ ಇಬ್ಬರೂ ತಮ್ಮ ಕಾಲದ ಸೂಲಗಿತ್ತಿಯರ ಬಗ್ಗೆ, ಯಾರದೋ ಮದುವೆಯಲ್ಲಿ ಹುಗ್ಗಿ ಸೀದು ಹೋದದ್ದರ ಬಗ್ಗೆ ಮಾತಾಡಿದರು. ಕುಲ ಬೇರೆ, ದೇವರು ಬೇರೆ, ಇಬ್ಬರೂ ಒಂದೇ ಮೊರಕ್ಕೆ ಕಾಳು ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಅಡ್ಡಾದೆ. ಆ ಮಾತುಗಳ ನಡುವೆ ಯಾವಾಗ ನಿದ್ದೆ ಬಂತೋ. ಸ್ಕ್ಯಾನ್ ಆದ ಮೇಲೆ ಅದೇ ಮೊದಲ ನಿದ್ದೆ. ಎದ್ದಾಗ ಸಂಜೆಯ ಬಿಸಿಲು ಅಂಗಳದಲ್ಲಿತ್ತು, ಯಾರೋ ನನ್ನ ಎಡಗಣ್ಣಿಗೆ ಒದ್ದೆ ಅರಿವೆ ಹೊದಿಸಿದ್ದರು.

ಆ ಆರು ತಿಂಗಳು ಹೇಗೆ ಕಳೆದವು ಎಂದರೆ, ಕೆಲಸಕ್ಕೆ ಹೋಗಿ ಬಂದೆ, ಅಷ್ಟೆ. ಮಸಗುಪ್ಪಿಯವರಿಗೆ ನಾನು ಏನೂ ಹೇಳಿರಲಿಲ್ಲ. ಅಣ್ಣ ಹೇಳಿರಬೇಕು. ಏಕೆಂದರೆ ಎರಡನೆಯ ಸ್ಕ್ಯಾನಿನ ವರದಿ ಬಂದ ಮರುದಿನ, ಬಸ್ಸು ಮಸಗುಪ್ಪಿಯಲ್ಲಿ ನಿಂತು ಎಲ್ಲರೂ ಹತ್ತಿದ ಮೇಲೆ, ಗಾಡಿ ಮುಂದೆ ಹೋಗಲಿಲ್ಲ. ಅಣ್ಣ ಎಂಜಿನ್ ಬಂದ್ ಮಾಡಿ ಸೀಟಿನಲ್ಲೇ ಹಿಂದಕ್ಕೆ ತಿರುಗಿದರು.

"ಏನ ಹೇಳಿದ್ರಿ ಡಾಕ್ಟರು? ಮೊದಲ ಅದನ್ನ ಹೇಳ್ರಿ, ಆಮ್ಯಾಲ ಗಾಡಿ."

ಬಸ್ಸಿನಲ್ಲಿ ಅಷ್ಟೂ ಮುಖ ನನ್ನ ಕಡೆಗಿತ್ತು. ಸೀಟಿನ ಮೇಲಿದ್ದವರು, ನಿಂತವರು, ಬುಟ್ಟಿ ಹಿಡಿದವರು. ಇಷ್ಟು ಜನ ನನ್ನನ್ನು ನೋಡುವಾಗ ಮುಖ ಮರೆಸಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

"ಇದ್ದಷ್ಟ ಐತಂತ್ರಿ," ಎಂದೆ. "ಬೆಳದಿಲ್ಲ. ಇನ್ನೊಂದ ಆರ ತಿಂಗಳ ಬಿಟ್ಟ ಬಾ ಅಂದಾರ."

ಯಾರೋ "ಚಲೋ ಆತು" ಎಂದರು. ಯಾರೋ ನನ್ನ ಬೆನ್ನ ಮೇಲೆ ಕೈ ಇಟ್ಟರು. ನಾನು ಎಲ್ಲರಿಗೂ ಏನೋ ಹೇಳಬೇಕೆಂದು ಒಂದು ಗುಟುಕು ನೀರು ಕುಡಿದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುಂದಿನ ಸೀಟಿನ ಮುದುಕಿಯೊಬ್ಬಳು ತನ್ನ ಮೆಂತ್ಯದ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಅಣ್ಣನ ಮೇಲೆ ರೇಗಿದಳು:

"ಬೆಳದಿಲ್ಲಂತಲ್ಲೋ ತಮ್ಮಾ, ಕೇಳಿದಿಲ್ಲ? ಗಾಡಿ ಬಿಡ ಇನ್ನ. ನಂದ ಪಲ್ಲೆ ಬಾಡಾಕತ್ತೈತಿ."